ಕಾಯಿಲೆ ಶುರುವಾದ ದಿನ ಸಿಪಾಯಿ ಎಲ್ಲಿದ್ದ? ಒಂದು ಡಿಸೆಬಿಲಿಟಿ ಪೆನ್ಷನ್ ಕಡತದ ಅಧ್ಯಯನ

ಮನೋರೋಗದ ಕಾರಣಕ್ಕೆ ಸೇನೆಯಿಂದ ಬೋರ್ಡ್ ಔಟ್ ಆದವರ, ಅಂದರೆ ವೈದ್ಯಕೀಯ ಬೋರ್ಡ್ ಅನರ್ಹರೆಂದು ಮನೆಗೆ ಕಳಿಸಿದವರ, ಕಾಗದಗಳಲ್ಲಿ ಒಂದು ಸಾಲು ಪದೇ ಪದೇ ಕಾಣಿಸುತ್ತದೆ: ಕಾಯಿಲೆ ಪೀಸ್ ಸ್ಟೇಷನ್ನಿನಲ್ಲಿ (ಶಾಂತ ಪ್ರದೇಶದ ನೆಲೆಯಲ್ಲಿ) ಶುರುವಾಯಿತು, ಫೀಲ್ಡ್ (ಗಡಿ ಅಥವಾ ಕಾರ್ಯಾಚರಣೆಯ ನೆಲೆ), ಅತಿ ಎತ್ತರದ ಪ್ರದೇಶ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯ ಒತ್ತಡಕ್ಕೂ ಇದಕ್ಕೂ ಕಾಲದ ಹತ್ತಿರದ ನಂಟಿಲ್ಲ. ಅದರ ಪಕ್ಕದಲ್ಲಿ ಎನ್‌ಎಎನ್‌ಎ ಎಂಬ ನಾಲ್ಕಕ್ಷರ. ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಅದರರ್ಥ. ಈ ನಾಲ್ಕಕ್ಷರ ಬಿದ್ದರೆ ಡಿಸೆಬಿಲಿಟಿ ಪೆನ್ಷನ್ ಇಲ್ಲ.

ಇಲ್ಲಿ ಬಿಡಿಸಿಟ್ಟಿರುವ ಸಿಪಾಯಿ ಯಾವೊಬ್ಬ ನಿಜ ವ್ಯಕ್ತಿಯೂ ಅಲ್ಲ. ಇಂಥ ಕಡತಗಳಲ್ಲಿ ಸಾಮಾನ್ಯವಾಗಿ ಎದುರಾಗುವ ಸಂಗತಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಅವನ ಸೇವೆಯ ದಿನಾಂಕಗಳು, ಸಂಬಳ ಮತ್ತು ಅವನಿಗೆ ಸಿಕ್ಕ ಆದೇಶ ಮಾದರಿಯವು. ನಿಯಮಗಳು ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳು ನಿಜವಾದವು.

ಉತ್ತರ ಕರ್ನಾಟಕದ ಹಳ್ಳಿಯ ಹುಡುಗ. 2009ರ ಮಾರ್ಚ್‌ನಲ್ಲಿ ಶೇಪ್-1 ದರ್ಜೆಯಲ್ಲಿ ಭರ್ತಿಯಾದ, ಅಂದರೆ ಮನಸ್ಸು, ಕಿವಿ, ಕೈಕಾಲು, ದೇಹಬಲ, ಕಣ್ಣು ಎಲ್ಲವೂ ಸರಿ. 2012ರ ಅಕ್ಟೋಬರ್‌ನಿಂದ 2015ರ ಜನವರಿ ಕೊನೆಯವರೆಗೆ ಜಮ್ಮು-ಕಾಶ್ಮೀರದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶದಲ್ಲಿದ್ದ. 2014ರ ನವೆಂಬರ್ ಹೊತ್ತಿಗೆ ರಾತ್ರಿ ನಿದ್ದೆ ಹೋಯಿತು. ಜೊತೆಯವರು ತನ್ನ ಊಟಕ್ಕೆ ಏನೋ ಬೆರೆಸುತ್ತಾರೆ ಎಂಬ ಸಂಶಯ, ತನ್ನಷ್ಟಕ್ಕೆ ತಾನೇ ಮಾತು. ಡಿಸೆಂಬರ್‌ನಲ್ಲಿ ರಜೆಗೆ ಬಂದಾಗ ಮನೆಯವರು ಗಾಳಿ ಸೋಕಿದೆ ಎಂದುಕೊಂಡು ಎರಡು ದೇವಸ್ಥಾನ ಸುತ್ತಿಸಿದರೇ ಹೊರತು ವೈದ್ಯರ ಬಳಿ ಹೋಗಲಿಲ್ಲ. ರಜೆ ಮುಗಿಸಿ ಯೂನಿಟ್ಟಿಗೆ ಮರಳಿದ. ಜನವರಿ ಕೊನೆಗೆ ಯೂನಿಟ್ ಪೀಸ್ ಸ್ಟೇಷನ್ನಿಗೆ ಇಳಿಯಿತು. ಮಾರ್ಚ್ 9ರಂದು ಮಿಲಿಟರಿ ಆಸ್ಪತ್ರೆಗೆ ದಾಖಲು. ಸ್ಕಿಜೋಫ್ರೀನಿಯಾ, ಅಂದರೆ ಸಂಶಯ-ಭ್ರಮೆಗಳು ಕಾಡುವ ತೀವ್ರ ಮನೋರೋಗ, ಎಂದು ರೋಗನಿರ್ಣಯ. ಎಸ್-3 ದರ್ಜೆಗೆ (ಎಸ್ ಎಂದರೆ ಶೇಪ್‌ನಲ್ಲಿ ಮನಸ್ಸಿನ ದರ್ಜೆ, ಅಂಕಿ ಹೆಚ್ಚಿದಷ್ಟೂ ಆರೋಗ್ಯ ಕಡಿಮೆ) ಇಳಿಸಿ 24 ವಾರಕ್ಕೊಮ್ಮೆ ಮರುತಪಾಸಣೆ ಮಾಡಿದರು. ಚೇತರಿಸಿಕೊಂಡ ಮೇಲೆ ಎಸ್-2. ಆಯುಧ ಮುಟ್ಟುವಂತಿಲ್ಲ, ಒಂಟಿ ಕಾವಲು ಇಲ್ಲ, ಅತಿ ಎತ್ತರದ ಪ್ರದೇಶಕ್ಕೆ ಕಳಿಸುವಂತಿಲ್ಲ ಎಂಬ ನಿರ್ಬಂಧಗಳು ಜೊತೆಗಿದ್ದವು. ಆದರೂ 2016ರ ಡಿಸೆಂಬರ್‌ನಲ್ಲಿ ಯೂನಿಟ್ ಲಡಾಖ್‌ಗೆ ಹೊರಟಾಗ ಅವನೂ ಹೋದ. 2017ರ ಮೇ ತಿಂಗಳಲ್ಲಿ ಕಾಯಿಲೆ ಮರುಕಳಿಸಿತು. 2018ರಲ್ಲಿ ಎಸ್-5, ಅಂದರೆ ಸೇವೆಗೆ ಕಾಯಂ ಅನರ್ಹ. ಅಂಗವೈಕಲ್ಯ 40 ಪ್ರತಿಶತ, ಜೀವನಪರ್ಯಂತ. ಕಾರಣದ ಕಾಲಮಿನಲ್ಲಿ ಎನ್‌ಎಎನ್‌ಎ. 2018ರ ಆಗಸ್ಟ್ 31ಕ್ಕೆ ಮನೆಗೆ.

ಒಟ್ಟು ಸೇವೆ 9 ವರ್ಷ 5 ತಿಂಗಳು. ಸೇವೆಯ ನಂಟಿಲ್ಲದ ಕಾಯಿಲೆಯಿಂದ ಹೊರಬಿದ್ದವರಿಗೆ ಕೊಡುವ ಸಾಮಾನ್ಯ ಇನ್‌ವ್ಯಾಲಿಡ್ ಪೆನ್ಷನ್ನಿಗೆ ಆಗ 10 ವರ್ಷ ಬೇಕಿತ್ತು. ಹತ್ತು ವರ್ಷ ತುಂಬದವರಿಗೂ ಅದನ್ನು ಕೊಡುವ 2020ರ ಜುಲೈ 16ರ ಸರ್ಕಾರಿ ಆದೇಶ, 2019ರ ಜನವರಿ 4ರಂದು ಅಥವಾ ಅದರ ನಂತರ ಸೇವೆಯಲ್ಲಿದ್ದವರಿಗೆ ಮಾತ್ರ. ಹಾಗಾಗಿ ಇವನ ಪಾಲಿಗೆ ಡಿಸೆಬಿಲಿಟಿ ಪೆನ್ಷನ್ ಸಿಗದಿದ್ದರೆ ತಿಂಗಳಿಗೆ ಸೊನ್ನೆ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ದಿನವೂ ತಪ್ಪಿಸಬಾರದ ಮಾತ್ರೆ.

ಮನೆಯವರು ಮೊದಲು ಕಳಿಸಿದ ಅರ್ಜಿ ಮೂರು ಪುಟದ್ದು. ಮಗ ಎಷ್ಟು ನರಳುತ್ತಿದ್ದಾನೆ, ಮನೆ ಎಷ್ಟು ಕಷ್ಟದಲ್ಲಿದೆ, ದೇಶಕ್ಕಾಗಿ ದುಡಿದವನಿಗೆ ಈ ಗತಿಯೇ ಎಂದೆಲ್ಲ ಅದರಲ್ಲಿತ್ತು. ಒಂದೊಂದು ಮಾತೂ ಸತ್ಯ. ಆದರೆ ಅವನು ಕಾಯಿಲೆಯವನಲ್ಲ ಎಂದು ಯಾರೂ ಹೇಳಿರಲಿಲ್ಲ. 40 ಪ್ರತಿಶತ ಎಂದು ಬರೆದವರು ಬೋರ್ಡಿನವರೇ. ತಕರಾರು ಇದ್ದದ್ದು ಒಂದೇ ಪ್ರಶ್ನೆಗೆ: ಕಾಯಿಲೆ ತಲೆಯೆತ್ತಿದ ದಿನ, ಮತ್ತೆ ಕೆರಳಿದ ದಿನ, ಅವನು ಎಲ್ಲಿದ್ದ? ಅರ್ಜಿಯಲ್ಲಿ ಒಂದೇ ಒಂದು ದಿನಾಂಕ ಇರಲಿಲ್ಲ.

ಈ ಪ್ರಶ್ನೆಗೆ ಇಷ್ಟು ತೂಕ ಏಕೆಂದರೆ, ಬೋರ್ಡಿನ ವೈದ್ಯರು ತೆರೆದು ನೋಡುವ ಪುಸ್ತಕವೇ ಅದನ್ನು ಕೇಳುತ್ತದೆ. ಮಿಲಿಟರಿ ಪೆನ್ಷನ್‌ಗಳಿಗಾಗಿ ವೈದ್ಯಾಧಿಕಾರಿಗಳ ಮಾರ್ಗದರ್ಶಿ 2002ರದ್ದು, 2008ರಲ್ಲಿ ತಿದ್ದುಪಡಿಯಾಯಿತು. ಅದರ 6ನೇ ಅಧ್ಯಾಯದ 54ನೇ ಪರಿಚ್ಛೇದ ಮನೋರೋಗಗಳದ್ದು. ಮನೋರೋಗಕ್ಕೆ ಒಳಗಿನ ಕಾರಣವೂ ಇರುತ್ತದೆ, ಹೊರಗಿನ ಕಾರಣವೂ ಇರುತ್ತದೆ. ಆದ್ದರಿಂದ ಸೇವೆಯೊಂದಿಗಿನ ನಂಟನ್ನು ರೋಗದ ಹೆಸರು ನೋಡಿ ತೀರ್ಮಾನಿಸಬಾರದು, ಆಯಾ ವ್ಯಕ್ತಿಯ ಸನ್ನಿವೇಶ ನೋಡಿ ತೀರ್ಮಾನಿಸಬೇಕು ಎನ್ನುವುದು ಅದರ ಮೊದಲ ಮಾತು. ಸ್ಕಿಜೋಫ್ರೀನಿಯಾ ಎಂದಮೇಲೆ ಹುಟ್ಟಿನಿಂದ ಬಂದದ್ದೇ ಎಂದು ಷರಾ ಬರೆಯುವವರು ಓದದೆ ಬಿಡುವ ವಾಕ್ಯವೂ ಇದೇ.

ಆಮೇಲೆ ಅದು ಸನ್ನಿವೇಶಗಳನ್ನು ಹೆಸರಿಸುತ್ತದೆ. ಯುದ್ಧಪ್ರದೇಶ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶ, ಅತಿ ಎತ್ತರದ ಪ್ರದೇಶ, ತೀರಾ ಒಂಟಿ ಠಾಣೆ, ಸಮುದ್ರದ ಮೇಲಿನ ಸೇವೆ, ಪ್ರಾಣಹಾನಿಯಾದ ವಾಹನ ಅಪಘಾತ, ಹೆಣಗಳ ನಡುವೆ ದುಡಿಯಬೇಕಾದ ಭೂಕಂಪ-ಚಂಡಮಾರುತದಂಥ ವಿಪತ್ತು, ಇಂಥ ಕಡೆ ಇದ್ದಾಗ ಮನೋರೋಗ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಒಪ್ಪಬೇಕು. ಸೇವೆಯಿಂದಾದ ತೀವ್ರ ಗಾಯದ ಒಂದು ವರ್ಷದೊಳಗೆ ಬಂದರೂ ಹಾಗೆಯೇ. ಸೇವೆಯ ತುರ್ತಿನ ಕಾರಣಕ್ಕೆ ರಜೆ ನಿರಾಕರಿಸಿ, ಅದಾದ 3 ತಿಂಗಳೊಳಗೆ ಕಾಯಿಲೆ ಬಂದರೆ ಉಲ್ಬಣ ಎಂದು ಪರಿಗಣಿಸಬೇಕು. ಆದರೆ ಎಲ್ಲ ರಜೆಗೂ ಇದು ಅನ್ವಯಿಸದು. ಹೆಂಡತಿ ಅಥವಾ ಮಕ್ಕಳ ಸಾವು, ಒಬ್ಬನೇ ಮಗನಾಗಿದ್ದು ತಂದೆ ಅಥವಾ ತಾಯಿಯ ಸಾವು, ಮನೆಯವರ ಮೇಲೆ ಕೊಲೆ-ಅತ್ಯಾಚಾರ-ದರೋಡೆಯಂಥ ಘೋರ ಅಪರಾಧ, ಮನೆಯವರ ಜೀವಕ್ಕೆ ಕುತ್ತು ತರುವ ನೈಸರ್ಗಿಕ ವಿಪತ್ತು, ಒಬ್ಬನೇ ಅಣ್ಣನೋ ತಮ್ಮನೋ ಆಗಿರುವಾಗ ಅಕ್ಕತಂಗಿಯ ಮದುವೆ ಮುಂತಾದ ಸಂದರ್ಭಗಳನ್ನು ಬಿಡಿಸಿ ಹೇಳಿದೆ. ಕೊನೆಯದು ಈ ಪ್ರಕರಣದ ಜೀವಾಳ: ಮನೋರೋಗ ಇದೆಯೆಂದು ಗೊತ್ತಾಗಿ, ಕೆಲಸಕ್ಕೆ ನಿರ್ಬಂಧ ಹಾಕಿದ ಮೇಲೂ ಕಾರ್ಯಾಚರಣೆ ಪ್ರದೇಶ ಅಥವಾ ಅತಿ ಎತ್ತರದ ಪ್ರದೇಶದಂಥ ಕಡೆ ದುಡಿದು ಕಾಯಿಲೆ ಹೆಚ್ಚಾದರೆ ಅದು ಉಲ್ಬಣ.

ಇನ್ನು ಕಡತವನ್ನು ಬಿಚ್ಚೋಣ. ಬೋರ್ಡಿನ ನಡಾವಳಿ ಎಎಫ್‌ಎಂಎಸ್‌ಎಫ್-16 ಎಂಬ ನಮೂನೆಯಲ್ಲಿರುತ್ತದೆ. ಅದರ ಮೊದಲ ಭಾಗ ಸೈನಿಕನ ವೈಯಕ್ತಿಕ ಹೇಳಿಕೆ. ಯಾವಾಗಿನಿಂದ ಯಾವಾಗಿನವರೆಗೆ ಎಲ್ಲಿ, ಅದು ಫೀಲ್ಡೋ ಪೀಸೋ ಎಂಬ ಪೋಸ್ಟಿಂಗ್ ಪಟ್ಟಿ ಅಲ್ಲಿಯೇ ಇರುತ್ತದೆ. ಕಾಯಿಲೆ ಯಾವಾಗ, ಎಲ್ಲಿ ಶುರುವಾಯಿತು ಎಂಬ ಕಾಲಮಿನಲ್ಲಿ ಈ ಸಿಪಾಯಿಗೆ 9 ಮಾರ್ಚ್ 2015 ಎಂದು ಬರೆದಿದ್ದರು. ಅದು ಆಸ್ಪತ್ರೆಗೆ ಸೇರಿದ ದಿನ. ಕಾಲು ಮುರಿದವನಿಗೆ ಆಸ್ಪತ್ರೆ ಸೇರಿದ ದಿನವೂ ಪೆಟ್ಟಾದ ದಿನವೂ ಒಂದೇ ಇರಬಹುದು. ಸ್ಕಿಜೋಫ್ರೀನಿಯಾದಲ್ಲಿ ಹಾಗಲ್ಲ, ನಿದ್ದೆಗೇಡು, ಸಂಶಯ, ಜನರಿಂದ ದೂರ ಸರಿಯುವುದು ವಾರ-ತಿಂಗಳುಗಳ ಮೊದಲೇ ಶುರುವಾಗಿರುತ್ತದೆ. ಫೀಲ್ಡಿನಲ್ಲಿ ಮೊಳೆತು ಪೀಸಿನಲ್ಲಿ ಪತ್ತೆಯಾದ ಕಾಯಿಲೆ, ಪೀಸಿನ ಕಾಯಿಲೆಯೆಂದು ದಾಖಲಾಗುವುದು ಹೀಗೆ.

ಇದನ್ನು ಒಡೆಯುವ ಪುರಾವೆ ಅದೇ ಕಡತದಲ್ಲಿತ್ತು. ಮನೋವೈದ್ಯರು 2015ರಲ್ಲಿ ಬರೆದ ಅಭಿಪ್ರಾಯದಲ್ಲಿ, ‘2014ರ ನವೆಂಬರ್‌ನಿಂದ ನಡವಳಿಕೆಯಲ್ಲಿ ಬದಲಾವಣೆ’ ಎಂಬ ಸಾಲಿತ್ತು. ಎರಡನೆಯ ಪುರಾವೆ ಎಎಫ್‌ಎಂಎಸ್‌ಎಫ್-10. ಸೈನಿಕನನ್ನು ಮನೋವೈದ್ಯರಿಗೆ ತೋರಿಸುವಾಗ ಕಮಾಂಡಿಂಗ್ ಆಫೀಸರ್ ಬರೆದುಕೊಡುವ ವರದಿ ಅದು. ಯಾವಾಗಿನಿಂದ ಹೀಗಿದ್ದಾನೆ, ಮೊದಲು ಹೇಗಿದ್ದ, ಕೆಲಸದಲ್ಲಿ ಹೇಗೆ, ಕುಡಿತ ಉಂಟೇ ಎಂಬ ವಿವರ ಅದರಲ್ಲಿರುತ್ತದೆ. ಬೋರ್ಡಿನ ಮೂವರು ವೈದ್ಯರು ಅವನನ್ನು ನೋಡಿದ್ದು ಒಂದು ದಿನ. ಯೂನಿಟ್ಟಿನವರು ನೋಡಿದ್ದು ವರ್ಷಗಟ್ಟಲೆ. ಹಾಗಾಗಿ ಕೇಳಿ ತರಿಸಲೇಬೇಕಾದ ಕಾಗದ ಇದು. ಮೂರನೆಯ ಪುರಾವೆ ಎಸ್-2 ದರ್ಜೆಯ ಎಎಫ್‌ಎಂಎಸ್‌ಎಫ್-15, ನಿರ್ಬಂಧಗಳು ಬರೆದಿರುವ ಪತ್ರ. ಅದನ್ನೂ 2016ರ ಡಿಸೆಂಬರ್‌ನ ಲಡಾಖ್ ಪೋಸ್ಟಿಂಗ್ ಸಾಲನ್ನೂ ಪಕ್ಕಪಕ್ಕ ಇಟ್ಟರೆ ಉಲ್ಬಣದ ವಾದಕ್ಕೆ ಬೇರೆ ಮಾತು ಬೇಕಾಗಲಿಲ್ಲ.

ಮನೆಯವರ ಒಂದು ಮಾತು ಅವನಿಗೆ ಮುಳುವಾಗಿತ್ತು. ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಅಣ್ಣ, ‘ರಜೆಗೆ ಬಂದಾಗಲೇ ಹೀಗಿದ್ದ’ ಎಂದಿದ್ದ. ಕಾಯಿಲೆ ಹೊತ್ತುಕೊಂಡೇ ಬಂದಿದ್ದ ಎಂಬುದು ಅಣ್ಣನ ಇಂಗಿತ. ಕಾಗದದ ಮೇಲೆ ಅದು ‘ಮನೆಯಲ್ಲಿ, ರಜೆಯಲ್ಲಿದ್ದಾಗ ಆರಂಭ’ ಎಂದಾಯಿತು. ಸೋದರಮಾವ ಒಂದು ಥರ ಇದ್ದರು ಎಂದು ಮತ್ತಾರೋ ಹೇಳಿದ್ದು ‘ಮನೆತನದಲ್ಲಿ ಮನೋರೋಗ’ ಎಂದಾಯಿತು. ವೈದ್ಯರಿಗೆ ಸುಳ್ಳು ಹೇಳಬೇಕಿಲ್ಲ, ಹೇಳಲೂಬಾರದು, ಚಿಕಿತ್ಸೆ ಕೆಡುತ್ತದೆ. ಆದರೆ ಮಾವನಿಗೆ ಯಾವ ವೈದ್ಯರೂ ರೋಗನಿರ್ಣಯ ಮಾಡಿಲ್ಲದಿದ್ದರೆ ಅದನ್ನೂ ಹೇಳಬೇಕು. ಯಾವ ತಿಂಗಳು, ಫೋನಿನಲ್ಲಿ ಮೊದಲು ಹೇಗೆ ಮಾತಾಡುತ್ತಿದ್ದ, ಯಾವಾಗ ಮಾತು ಬದಲಾಯಿತು ಎಂದು ಬಿಡಿಸಿ ಹೇಳಬೇಕು. ಕುಡಿತದ ಉಲ್ಲೇಖವನ್ನೂ ಹಗುರವಾಗಿ ಬಿಡುವಂತಿಲ್ಲ. ಮದ್ಯ-ಮಾದಕದಿಂದ ಬಂದ ಅಂಗವೈಕಲ್ಯಕ್ಕೆ ಪರಿಹಾರವಿಲ್ಲ ಎಂಬುದು ನಿಯಮ. ನಿದ್ದೆ ಬಾರದೆ ಕುಡಿದದ್ದು ಕಾಯಿಲೆಯ ನಂತರದ್ದೆಂದು ದಾಖಲೆಯಲ್ಲಿದ್ದರೆ ಅದನ್ನು ಎತ್ತಿ ತೋರಿಸಬೇಕು.

ಕಾಗದ ತರಿಸುವ ದಾರಿ ಮಾಹಿತಿ ಹಕ್ಕಿನದು. ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಅರ್ಜಿ ಸೈನಿಕನ ಹೆಸರಲ್ಲೇ, ಅವನ ಸಹಿಯಲ್ಲೇ ಹೋಗಬೇಕು. ಮನೆಯವರ ಹೆಸರಲ್ಲಿ ಕಳಿಸಿದರೆ ಇನ್ನೊಬ್ಬರ ವೈದ್ಯಕೀಯ ಮಾಹಿತಿ ಎಂದು ತಿರಸ್ಕರಿಸಬಹುದು. ಮನೋರೋಗಿಯ ಸಹಿ ನಡೆಯುತ್ತದೆಯೇ ಎಂಬ ಅಳುಕು ಹಲವರಿಗಿದೆ. ನಡೆಯುತ್ತದೆ. ಮಾನಸಿಕ ಆರೋಗ್ಯ ಕಾಯ್ದೆ 2017ರ 3ನೇ ಕಲಂ ಪ್ರಕಾರ, ಒಬ್ಬನಿಗೆ ಮಾನಸಿಕ ಕಾಯಿಲೆ ಇದೆ ಎಂದಮಾತ್ರಕ್ಕೆ ಅವನು ಬುದ್ಧಿಸ್ವಾಧೀನ ಇಲ್ಲದವನಾಗುವುದಿಲ್ಲ. ಹಾಗೆಂದು ನ್ಯಾಯಾಲಯವೇ ಘೋಷಿಸಿರಬೇಕು. ಮಾತ್ರೆಯ ಮೇಲೆ ಸಮಾಧಾನವಾಗಿರುವ ದಿನ ಕೂತು ಓದಿ ಹೇಳಿ ಸಹಿ ಹಾಕಿಸಿದರೆ ಸಾಕು.

ಕೇಳಬೇಕಾದ್ದನ್ನು ಹೆಸರಿಟ್ಟು ಕೇಳಬೇಕು: ಎಎಫ್‌ಎಂಎಸ್‌ಎಫ್-16ರ ಎಲ್ಲ ಪುಟ, ಪ್ರತಿ ಬಾರಿಯ ಎಎಫ್‌ಎಂಎಸ್‌ಎಫ್-15, ಎಎಫ್‌ಎಂಎಸ್‌ಎಫ್-10, ಮನೋವೈದ್ಯರ ಎಲ್ಲ ಅಭಿಪ್ರಾಯಗಳು, ಭರ್ತಿಯ ವೇಳೆಯ ತಪಾಸಣೆ ಪತ್ರ, ಫೀಲ್ಡ್-ಪೀಸ್ ನಮೂದಿರುವ ಪೋಸ್ಟಿಂಗ್ ಪಟ್ಟಿ, ರಜೆಯ ದಾಖಲೆ, ಪೆನ್ಷನ್ ತಿರಸ್ಕರಿಸಿದ ಪತ್ರ. ‘ನನ್ನ ಎಲ್ಲ ದಾಖಲೆ ಕೊಡಿ’ ಎಂದರೆ ಡಿಸ್ಚಾರ್ಜ್ ಪುಸ್ತಕದ ನಕಲು ಮಾತ್ರ ಬರಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದಲ್ಲಿ ಮೇಲ್ಮನವಿ. ದಾಖಲೆ ನಾಶವಾಗಿದೆ ಎಂದರೆ, ಯಾವ ಆದೇಶದಂತೆ ಯಾವ ದಿನ ನಾಶವಾಯಿತು ಎಂದು ಕೇಳಬೇಕು. ಆ ಉತ್ತರವೂ ಮುಂದೆ ಪುರಾವೆ.

ತಡ ಮಾಡಿದರೆ ಇನ್ನೊಂದು ಪೆಟ್ಟು ಬೀಳುತ್ತದೆ. ಯಾರಿಗೆ ಈ ಪೆನ್ಷನ್ ಸಲ್ಲುತ್ತದೆ ಎಂದು ಹೇಳುವ 2008ರ ಎಂಟೈಟಲ್‌ಮೆಂಟ್ ನಿಯಮಗಳ 7ನೇ ನಿಯಮದಂತೆ ಸಾಮಾನ್ಯವಾಗಿ ರುಜುವಾತಿನ ಹೊರೆ ಸೈನಿಕನ ಮೇಲಿಲ್ಲ. ಆದರೆ ಬಿಡುಗಡೆಯಾಗಿ 15 ವರ್ಷ ಕಳೆದು, ದಾಖಲೆಗಳು ನಾಶವಾದ ಮೇಲೆ ಕ್ಲೇಮ್ ಹಾಕಿದರೆ ಹೊರೆ ಅವನ ಹೆಗಲಿಗೆ ಬೀಳುತ್ತದೆ.

ತಿರಸ್ಕಾರದ ಪತ್ರ ಬಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ತಿರಸ್ಕಾರವಾದರೆ 6 ತಿಂಗಳೊಳಗೆ ಎರಡನೆಯದು. ಈ ಮನೆಯವರು ಕಷ್ಟದ ಕಥೆಯ ಅರ್ಜಿಯನ್ನೇ ಎರಡು ಸಲ ಕಳಿಸಿ ಸುಮ್ಮನಾಗಿದ್ದರು. 2022ರಲ್ಲಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಯಾರೋ ಬೋರ್ಡಿನ ನಡಾವಳಿ ಇದೆಯೇ ಎಂದು ಕೇಳಿದಾಗಲೇ ಕೆಲಸ ಹಳಿಗೆ ಬಂದದ್ದು. ಕಾಗದ ತರಿಸಿ, 2022ರ ನವೆಂಬರ್ 1ರಂದು ಸಶಸ್ತ್ರಪಡೆ ನ್ಯಾಯಮಂಡಳಿಯಲ್ಲಿ ಮೂಲ ಅರ್ಜಿ ಹಾಕಿದರು. ಆ ನ್ಯಾಯಮಂಡಳಿಯ ಕಾಯ್ದೆಯ 22ನೇ ಕಲಂ ಅಂತಿಮ ಆದೇಶದಿಂದ 6 ತಿಂಗಳ ಗಡುವು ಇಡುತ್ತದೆ. ಜೊತೆಗೆ ತಡ ಮನ್ನಿಸಲೂ ಅವಕಾಶ ಕೊಡುತ್ತದೆ. ಮನ್ನಾ ಅರ್ಜಿಗೆ ನಾಲ್ಕು ವರ್ಷದ ಚಿಕಿತ್ಸೆ ಚೀಟಿಗಳನ್ನು ಲಗತ್ತಿಸಿದರು. ಮನೋರೋಗಿಯ ತಡಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ಬೇರಿಲ್ಲ.

ಅರ್ಜಿಯ ಮೊದಲ ಕರಡಿನಲ್ಲಿ ವಕೀಲರು ಧರ್ಮವೀರ್ ಸಿಂಗ್ ತೀರ್ಪೊಂದನ್ನೇ ಹಿಡಿದಿದ್ದರು. ಸುಪ್ರೀಂ ಕೋರ್ಟಿನ 2013ರ ಈ ತೀರ್ಪು ಈ ಕ್ಷೇತ್ರದ ಅಡಿಗಲ್ಲು: ಭರ್ತಿಯ ವೇಳೆ ಯಾವ ಕಾಯಿಲೆಯನ್ನೂ ನಮೂದಿಸಿಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದ ಎಂದು ಭಾವಿಸಬೇಕು, ಸಂಶಯದ ಲಾಭ ಸೈನಿಕನಿಗೆ. ಆದರೆ ಅದು ನಿಂತಿರುವುದು 1982ರ ನಿಯಮಗಳ ಮೇಲೆ. 2018ರಲ್ಲಿ ಹೊರಬಂದವನಿಗೆ 2008ರ ನಿಯಮಗಳು. ಸೇವೆಯಲ್ಲಿದ್ದಾಗ ಕಾಯಿಲೆ ಬಂತು ಎಂಬುದಷ್ಟರಿಂದಲೇ ನಂಟು ಸಿದ್ಧವಾಗದು ಎಂದು ಅವು ಹೇಳುತ್ತವೆ. ಸರ್ಕಾರಿ ವಕೀಲರು ಮೊದಲು ಎತ್ತುವ ಆಕ್ಷೇಪ ಇದೇ. ಇನ್ನೊಂದು, 2019ರ ಅಕ್ಟೋಬರ್ 3ರ ಸುಪ್ರೀಂ ಕೋರ್ಟ್ ತೀರ್ಪು. ಸ್ಕಿಜೋಫ್ರೀನಿಯಾದ ಸೈನಿಕನೊಬ್ಬನ ಮನವಿಯನ್ನು ಅದು ತಳ್ಳಿಹಾಕಿತು; ಇಂಥ ಕಾಯಿಲೆ ಭರ್ತಿಯ ತಪಾಸಣೆಯಲ್ಲಿ ಸಿಕ್ಕಿಬೀಳದು, ಹಾಗಾಗಿ ಭರ್ತಿಯಲ್ಲಿ ಸರಿಯಿದ್ದ ಎಂಬ ಊಹೆಯೊಂದೇ ಸಾಲದು ಎಂದಿತು.

ಆದ್ದರಿಂದ ಕರಡನ್ನು ತಿರುಗಿಸಿ ಬರೆಯಬೇಕಾಯಿತು. ಊಹೆಯ ಆಸರೆ ಹಿಂದಕ್ಕೆ, ದಿನಾಂಕಗಳು ಮುಂದಕ್ಕೆ. ಮೊದಲ ವಾದ: 2014ರ ನವೆಂಬರ್‌ನಲ್ಲಿ, ಕಾರ್ಯಾಚರಣೆ ಪ್ರದೇಶದಲ್ಲಿದ್ದಾಗ ಲಕ್ಷಣ ಶುರು, ಆದ್ದರಿಂದ ಸೇವೆಯಿಂದಲೇ ಬಂದದ್ದು. ಅದನ್ನು ಒಪ್ಪದಿದ್ದರೆ ಎರಡನೆಯದು: ನಿರ್ಬಂಧ ಮೀರಿ ಅತಿ ಎತ್ತರದ ಪ್ರದೇಶದಲ್ಲಿ ದುಡಿಸಿದ್ದರಿಂದ 2017ರ ಮೇ ತಿಂಗಳಲ್ಲಿ ಉಲ್ಬಣ, ಅದು 54ನೇ ಪರಿಚ್ಛೇದಕ್ಕೂ ಸೇರುತ್ತದೆ, 2008ರ ನಿಯಮಗಳ 11ನೇ ನಿಯಮಕ್ಕೂ ಸೇರುತ್ತದೆ. ಎರಡರಲ್ಲಿ ಯಾವುದು ಗೆದ್ದರೂ ಪೆನ್ಷನ್ ಅಷ್ಟೇ. ಮೂರನೆಯದು: ಬೋರ್ಡ್ ಕಾರಣ ಕೊಟ್ಟಿಲ್ಲ. ಇದಕ್ಕೆ ಈಗ ಎರಡು ಆಧಾರಗಳಿವೆ, ಎರಡನೆಯದು ಈ ಅರ್ಜಿ ಹಾಕಿದ ನಂತರ ಬಂದದ್ದು. 2013ರಲ್ಲಿ ಸ್ಕಿಜೋಫ್ರೀನಿಯಾದ ಇನ್ನೊಂದು ಪ್ರಕರಣದಲ್ಲಿ, ಬೋರ್ಡಿನ ಅಭಿಪ್ರಾಯ ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲ ಎಂದ ಸುಪ್ರೀಂ ಕೋರ್ಟ್, ಮರುಪರಿಶೀಲನಾ ಬೋರ್ಡಿಗೆ ಆದೇಶಿಸಿತು. 2025ರ ಮೇ 7ರಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಇನ್ನೂ ಗಟ್ಟಿಯಾಗಿ ಹೇಳಿತು: ಕಾರಣವಿಲ್ಲದ ವೈದ್ಯಕೀಯ ಅಭಿಪ್ರಾಯದ ಮೇಲೆ ಪೆನ್ಷನ್ ನಿರಾಕರಿಸಿದರೆ ಆ ಕ್ರಮ ಬುಡದಲ್ಲೇ ನಿಲ್ಲುವುದಿಲ್ಲ. ಆ ಪ್ರಕರಣ 1998ರಲ್ಲಿ ಹೊರಬಂದಿದ್ದ ಸೈನಿಕನೊಬ್ಬನದು. ಈಗ ಅರ್ಜಿ ಬರೆಯುವವರು ಇದನ್ನು ಬಿಡಬಾರದು. ಹಾಗೆಂದು ಇದೊಂದನ್ನೇ ನೆಚ್ಚುವುದೂ ತರವಲ್ಲ. ಬೋರ್ಡುಗಳು ಇನ್ನು ಕಾರಣ ಬರೆಯಲು ಕಲಿಯುತ್ತವೆ, ಆಗ ಉಳಿಯುವುದು ದಿನಾಂಕಗಳೇ.

ಮಾದರಿ ಪ್ರಕರಣದಲ್ಲಿ ನ್ಯಾಯಮಂಡಳಿ ಎರಡನೆಯ ವಾದ ಒಪ್ಪಿತು. ಉಲ್ಬಣ ಎಂದು ಘೋಷಿಸಿ, 40 ಪ್ರತಿಶತವನ್ನು 50ಕ್ಕೆ ಏರಿಸಿ ಜೀವನಪರ್ಯಂತ ಕೊಡಲು ಆದೇಶಿಸಿತು. ಹೀಗೆ ಏರಿಸುವುದಕ್ಕೆ ಬ್ರಾಡ್ ಬ್ಯಾಂಡಿಂಗ್ ಎನ್ನುತ್ತಾರೆ. 2001ರ ಜನವರಿ 31ರ ಸರ್ಕಾರಿ ಪತ್ರದಂತೆ 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75 ಇದ್ದರೆ 75, 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ 100. ಕೇಳದಿದ್ದರೆ ಸಿಗದೆ ಹೋಗಬಹುದು, ಅರ್ಜಿಯ ಕೋರಿಕೆಯಲ್ಲೇ ಬರೆಯಬೇಕು. ಬೋರ್ಡ್ 20ಕ್ಕಿಂತ ಕಡಿಮೆ ಬರೆದಿದ್ದರೂ ಎದೆಗುಂದಬೇಕಿಲ್ಲ. ಬೋರ್ಡ್ ಔಟ್ ಮಾಡಿದ್ದಾರೆಂದರೆ ಅಂಗವೈಕಲ್ಯ 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕೆಂದು 2014ರ ಸುಖ್ವಿಂದರ್ ಸಿಂಗ್ ತೀರ್ಪು ಹೇಳಿದೆ. ಅಂಗವಿಕಲರ ಗುರುತಿನ ಚೀಟಿಗೆಂದು ಸರ್ಕಾರಿ ಆಸ್ಪತ್ರೆ ಕೊಡುವ ಪ್ರತಿಶತದ ಅಳತೆ ಬೇರೆ. ಅದನ್ನು ತಂದಿಟ್ಟರೆ ಈ ಲೆಕ್ಕ ಬದಲಾಗದು.

ಹಣದ ಲೆಕ್ಕ ಹೀಗೆ. ಡಿಸೆಬಿಲಿಟಿ ಪೆನ್ಷನ್ನಿಗೆ ಎರಡು ಭಾಗ: ಸೇವಾ ಅಂಶ ಮತ್ತು ಅಂಗವೈಕಲ್ಯ ಅಂಶ. ಕೊನೆಯ ಪರಿಗಣಿತ ಸಂಬಳ 34,000 ಎಂದುಕೊಳ್ಳಿ. ಸೇವಾ ಅಂಶ ಅದರ ಅರ್ಧ, 17,000. ಅಂಗವೈಕಲ್ಯ ಅಂಶ 100 ಪ್ರತಿಶತಕ್ಕೆ ಸಂಬಳದ 30 ಪ್ರತಿಶತ. 50 ಪ್ರತಿಶತಕ್ಕೆ 15, ಅಂದರೆ 5,100. ಬ್ರಾಡ್ ಬ್ಯಾಂಡಿಂಗ್ ಇಲ್ಲದಿದ್ದರೆ ಅದು 4,080 ಆಗುತ್ತಿತ್ತು. ಒಟ್ಟು 22,100, ಅದರ ಮೇಲೆ ತುಟ್ಟಿಭತ್ಯೆ. ಬೋರ್ಡ್ ಔಟ್ ಆದವರಿಗೆ ಇದರ ಮೇಲೆ ಆದಾಯ ತೆರಿಗೆ ಇಲ್ಲ. ಬಾಕಿ ಮಾತ್ರ ಪೂರ್ತಿ ಬರಲಿಲ್ಲ. 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ, ತಡವಾಗಿ ಬಂದವರಿಗೆ ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷದ ಬಾಕಿ ಮಾತ್ರ. 2018ರ ಸೆಪ್ಟೆಂಬರ್‌ನಿಂದ 2019ರ ಅಕ್ಟೋಬರ್‌ವರೆಗಿನ 14 ತಿಂಗಳು ಹೋಯಿತು: ತುಟ್ಟಿಭತ್ಯೆ ಬಿಟ್ಟು 3,09,400 ರೂಪಾಯಿ. ಒಂದು ಮಾಹಿತಿ ಹಕ್ಕಿನ ಅರ್ಜಿ ಹೊತ್ತಿಗೆ ಸರಿಯಾಗಿ ಹೋಗದ್ದರ ಬೆಲೆ ಅದು.

2023ರ ಸೆಪ್ಟೆಂಬರ್ 21ರಿಂದ ಹೊಸ ಎಂಟೈಟಲ್‌ಮೆಂಟ್ ನಿಯಮಗಳೂ ಹೊಸ ವೈದ್ಯಕೀಯ ಮಾರ್ಗದರ್ಶಿಯೂ ಜಾರಿಯಲ್ಲಿವೆ. ಅಂದಿನಿಂದ ಈಚೆಗೆ ಹೊರಬಂದವರು ಇಲ್ಲಿನ ಪರಿಚ್ಛೇದ ಸಂಖ್ಯೆಗಳನ್ನು ಹಾಗೆಯೇ ನಕಲಿಸದೆ ಹೊಸದನ್ನು ತೆರೆದು ನೋಡಬೇಕು.

ಆದೇಶ ಕೈಗೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಪ್ರಮಾಣಿತ ಪ್ರತಿಯನ್ನು ರೆಕಾರ್ಡ್ಸ್ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಆದೇಶದಲ್ಲಿ ಕೊಟ್ಟ ಗಡುವು ಮೀರಿದರೆ ನ್ಯಾಯಮಂಡಳಿಯಲ್ಲೇ ಜಾರಿ ಅರ್ಜಿ ಹಾಕಬೇಕು. ಪಿಪಿಒ (ಪೆನ್ಷನ್ ಪಾವತಿ ಆದೇಶ) ಬಂದೊಡನೆ ಅದರಲ್ಲಿ 50 ಪ್ರತಿಶತ ಮತ್ತು ‘ಜೀವನಪರ್ಯಂತ’ ಎಂಬ ಎರಡೂ ನಮೂದಾಗಿವೆಯೇ ನೋಡಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಮಾಡಿಸಿದರೆ ಮಾತ್ರೆಯ ಖರ್ಚು ತಪ್ಪುತ್ತದೆ. ಸೇನಾ ಪೆನ್ಷನ್ ಕೊಡುವ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ವರ್ಷಕ್ಕೊಮ್ಮೆ ಜೀವಂತ ಪ್ರಮಾಣ ಕೊಡಬೇಕು. ಹೊರಗೆ ಕಾಲಿಡಲು ಹೆದರುವ ರೋಗಿಗೆ ಅದೇ ದೊಡ್ಡ ಪ್ರಯಾಣ. ಬೆರಳಿನ ಗುರುತು ಓದುವ ಯಂತ್ರ ಮನೆಗೇ ತರುವ ಅಂಚೆಯವರಿಗೆ ಒಂದು ತಿಂಗಳು ಮುಂಚೆಯೇ ಹೇಳಿಟ್ಟುಕೊಂಡರೆ ಪೆನ್ಷನ್ ನಿಲ್ಲುವುದಿಲ್ಲ.